ಥ್ರೆಡ್ ಹೋದ್ರೆ ಎಂಜಿನ್ ಹೋಯ್ತು ಅಂತ ಅಲ್ಲ ಮಾರಾಯ್ರೆ

ಮಾನ್ಯ ಸಂಪಾದಕರೇ,

ಮಳೆಗಾಲಕ್ಕೆ ಮೊದಲು ಬೈಕನ್ನು ಹೇಗೆ ರೆಡಿ ಮಾಡ್ಕೊಳ್ಬೇಕು ಅಂತ ನಿಮ್ಮ ಪೇಪರಲ್ಲಿ ಬಂದದ್ದನ್ನು ಓದಿದೆ. ಚೈನ್, ಬ್ರೇಕ್, ಟಯರ್, ಬ್ಯಾಟರಿ ಎಲ್ಲ ಬರ್ದಿದ್ದೀರಿ, ಒಳ್ಳೇದೇ. ಆದ್ರೆ "ಎಂಜಿನ್ ಆಯಿಲ್ ಬದಲಾಯಿಸಿ" ಅಂತ ಒಂದೇ ಸಾಲಲ್ಲಿ ಮುಗಿಸಿಬಿಟ್ಟಿದ್ದೀರಿ ನೋಡಿ, ನನ್ನ ತಕರಾರು ಆ ಸಾಲಿನ ಮೇಲೆ. ಯಾಕಂದ್ರೆ ಆಯಿಲ್ ಬದಲಾಯಿಸ್ಲಿಕ್ಕೆ ಹೋದಲ್ಲೇ ಎಷ್ಟೋ ಬೈಕಿನ ಎಂಜಿನಿಗೆ ಪೆಟ್ಟು ಬೀಳೋದು, ಅಡಿಯಲ್ಲಿರುವ, ಆಯಿಲ್ ಹೊರಗೆ ಬಿಡುವ ಡ್ರೈನ್ ಬೋಲ್ಟಿನ ಥ್ರೆಡ್ (ಬೋಲ್ಟ್ ಕಚ್ಚಿ ಕೂರುವ ತಿರುಪಿನ ಗೆರೆ) ಹೋಗ್ತದೆ, ಆಮೇಲೆ "ಚೇಂಬರ್ ಹೋಯ್ತು ಸರ್, ಎಂಜಿನ್ ಕೇಸ್ ಹೊಸದು ಹಾಕ್ಬೇಕು" ಅಂತ ಗಿರಾಕಿಗೆ ಹೇಳ್ತಾರೆ, ಅವ ಪಾಪ ಹಣ ಹೊಂದಿಸ್ಲಿಕ್ಕೆ ಓಡ್ತಾನೆ. ಬುಶ್ (ಒಳಗೂ ಹೊರಗೂ ಥ್ರೆಡ್ ಇರುವ ಲೋಹದ ಸಣ್ಣ ಕೊಳವೆ) ಹಾಕಿದ್ರೆ ಸಾಕು ಅಂತ ಹೇಳುವವರು ಕಡಿಮೆ. ಅದನ್ನು ಹೇಳ್ಲಿಕ್ಕೇ ಈ ಪತ್ರ.

ನಾನು ಟರ್ನರ್, ಅಂದ್ರೆ ಲೋಹವನ್ನು ತಿರುಗಿಸಿ ಕಡೆಯುವ ಲೇತ್ ಮೆಷಿನಿನ ಕೆಲಸ ಮಾಡಿದವ. ಯೆಯ್ಯಾಡಿ, ಬೈಕಂಪಾಡಿ ಕಡೆ ವರ್ಕ್‌ಶಾಪುಗಳಲ್ಲೇ ಆಯುಷ್ಯ ಕಳೆದದ್ದು. ಈಗ ಕಣ್ಣು ಮೊದಲಿನ ಹಾಗೆ ಇಲ್ಲ, ಮೆಷಿನ್ ಬಿಟ್ಟಾಗಿದೆ, ಹಾಗಾಗಿ ಇದನ್ನು ಜಾಹೀರಾತು ಅಂತ ತಿಳ್ಕೊಳ್ಳುವುದು ಬೇಡ, ನನ್ನ ಹತ್ರ ಬೈಕ್ ತಂದ್ರೂ ನಾನು ಚಾ ಕೊಟ್ಟು ಕಳಿಸುವುದು ಅಷ್ಟೇ.

ಮೊದಲು ಇದು ಆಗೋದು ಹೇಗೆ ಅಂತ. ಬೋಲ್ಟ್ ಸ್ಟೀಲಿಂದು, ಎಂಜಿನಿನ ಕೇಸ್ ಅಲ್ಯೂಮಿನಿಯಂ ಎರಕದ್ದು. ಎರಡು ಜಗಳಕ್ಕೆ ಬಿದ್ರೆ ಸೋಲೋದು ಅಲ್ಯೂಮಿನಿಯಮ್ಮೇ. ನಮ್ಮ ರಸ್ತೆಯಲ್ಲಿ ಓಡುವ ತುಂಬಾ ಬೈಕುಗಳಲ್ಲಿ ಡ್ರೈನ್ ಬೋಲ್ಟ್ 12 ಎಂಎಂ ದಪ್ಪ, 1.5 ಪಿಚ್ (ಒಂದು ಥ್ರೆಡ್ಡಿಂದ ಇನ್ನೊಂದಕ್ಕೆ 1.5 ಎಂಎಂ), 17ರ ಸ್ಪಾನರ್ ಕೂರ್ತದೆ. ಅದಕ್ಕೆ ಬೇಕಾದ ಬಿಗಿ 25ರಿಂದ 30 ನ್ಯೂಟನ್ ಮೀಟರ್ ಆಸುಪಾಸು, ನಿಮ್ಮ ಬೈಕಿನ ಸರಿಯಾದ ಲೆಕ್ಕ ಮ್ಯಾನ್ಯುಯಲಲ್ಲಿ ಇರ್ತದೆ. 30 ಅಂದ್ರೆ ಎಷ್ಟು ಅಂತ ಕೇಳಿದ್ರೆ, 20 ಸೆಂಟಿಮೀಟರ್ ಉದ್ದದ ರಿಂಗ್ ಸ್ಪಾನರಿನ ತುದಿಯಲ್ಲಿ 15 ಕೆಜಿ ಭಾರ ಕೊಟ್ಟಷ್ಟು, ಕೂತಲ್ಲಿಂದ ಒಂದು ಕೈಯಲ್ಲಿ ಎಳೆದ್ರೆ ಬರುವಂಥದ್ದು. ಅದೇ ಕೈ ಅದೇ ಜೋರಲ್ಲಿ ಸ್ಪಾನರಿಗೆ ಪೈಪ್ ಸಿಕ್ಕಿಸಿ 60 ಸೆಂಟಿಮೀಟರ್ ಮಾಡಿ ಎಳೆದ್ರೆ 90 ಆಯ್ತು. ಮೂರು ಪಟ್ಟು. ಎಳೆದವನಿಗೆ ಗೊತ್ತೇ ಆಗೋದಿಲ್ಲ, ಅವನ ಕೈಗೆ ಮೊದಲಿನಷ್ಟೇ ಅನ್ನಿಸ್ತದೆ. ಇನ್ನು ಗಾಳಿಯ ಜೋರಲ್ಲಿ ಬೋಲ್ಟ್ ತಿರುಗಿಸುವ ಏರ್ ಗನ್ನಲ್ಲಿ ಟರ್ ಅಂತ ಬಿಟ್ರೆ ಕೇಳುವುದೇ ಬೇಡ, ಬೋಲ್ಟ್ ಓರೆ ಹೊಕ್ಕಿದ್ರೂ ಗನ್ನಿಗೆ ಗೊತ್ತಾಗೋದಿಲ್ಲ, ಅದು ಹೊಸ ದಾರಿ ಕೊರ್ಕೊಂಡು ಹೋಗ್ತದೆ.

ಮತ್ತೆ ಇದು ಒಂದೇ ಸಲಕ್ಕೆ ಆಗುವ ಕೆಲಸವೂ ಅಲ್ಲ. ಪ್ರತಿ ಸರ್ವಿಸಿಗೂ ಸ್ವಲ್ಪ ಸ್ವಲ್ಪ ಹೆಚ್ಚು ಬಿಗಿ, ಹಳೇ ವಾಶರನ್ನೇ ಪುನಃ ಪುನಃ ಹಾಕುವುದು, ಅದು ಚಪ್ಪಟೆಯಾಗಿ ಕಲ್ಲಿನ ಹಾಗೆ ಗಟ್ಟಿಯಾಗಿರ್ತದೆ, ಆಯಿಲ್ ಜಿನುಗ್ತದೆ, ಜಿನುಗ್ತದೆ ಅಂತ ಇನ್ನೂ ಬಿಗಿ ಮಾಡುವುದು. ನಾಲ್ಕಾಣೆಯ ತಾಮ್ರದ್ದೋ ಅಲ್ಯೂಮಿನಿಯಂದೋ ವಾಶರ್ ಹೊಸದು ಹಾಕಿದ್ರೆ ಅಷ್ಟು ಬಿಗಿಯೇ ಬೇಡ. ಥ್ರೆಡ್ಡಿನ ಮೊದಲ ಎರಡು ಮೂರು ಸುತ್ತೇ ಹೆಚ್ಚಿನ ಭಾರ ಹೊರುವುದು, ಅದು ಎಳ್ಕೊಂಡು ಹೋದ ಮೇಲೆ ಉಳಿದದ್ದು ಸಾಲಾಗಿ ಹೋಗ್ತದೆ. ಕೊನೆಗೆ ಯಾರ ಕೈಯಲ್ಲಿ ಹೋಯ್ತೋ ಅವನ ತಲೆಗೆ ಬಂತು, ಮೊದಲಿನವರು ಪಾರು.

ನಮ್ಮ ಪಕ್ಕದ ಮನೆಯ ಹುಡುಗ ಡೆಲಿವರಿ ಕೆಲಸಕ್ಕೆ ಹೋಗುವವ, ತೊಕ್ಕೊಟ್ಟಿಂದ ಸುರತ್ಕಲ್ ತನಕ ಇಡೀ ದಿನ ಓಡಾಟ. ಬೈಕಿನ ಅಡಿಯಲ್ಲಿ ಆಯಿಲ್ ಬೀಳ್ತದೆ ಅಂತ ಸರ್ವಿಸ್ ಮಾಡಿಸಿದಲ್ಲಿಗೇ ವಾಪಸ್ ತಗೊಂಡು ಹೋದ, ಅವರು ಕ್ರ್ಯಾಂಕ್‌ಕೇಸ್ (ಎಂಜಿನಿನ ಆ ಅಲ್ಯೂಮಿನಿಯಂ ಕೇಸೇ) ಬದಲಿಸುವ ಎಸ್ಟಿಮೇಟ್ ಬರ್ದು ಕೈಗೆ ಕೊಟ್ರು. ಯಾವ ಸರ್ವಿಸ್ ಅಂತ ನಾನು ಬರೆಯುವುದಿಲ್ಲ, ಅದು ಎಲ್ಲಿಯೂ ಆಗುವಂಥದ್ದೇ. ಎಂಜಿನ್ ಪೂರ್ತಿ ಇಳಿಸ್ಬೇಕು, ಎರಡು ಭಾಗ ಮಾಡ್ಬೇಕು, ಬೇರಿಂಗ್, ಗ್ಯಾಸ್ಕೆಟ್, ಸೀಲ್, ಲೇಬರ್, ಎಲ್ಲ ಸೇರಿ ಹಲವು ಸಾವಿರ. "ಮಾಮ, ಬೈಕ್ ಮಾರಿಬಿಡುದಾ?" ಅಂತ ಕೇಳಿದ. ಬೋಲ್ಟ್ ಬಿಚ್ಚಿ ತೋರಿಸು ಅಂದೆ. ಬಿಚ್ಚುವುದೆಂತ, ಬೆರಳಲ್ಲೇ ಬಂತು. ಅದರ ಸುತ್ತ ಪ್ಲಂಬಿಂಗಿನ ಬಿಳಿ ಟೆಫ್ಲಾನ್ ಟೇಪ್, ಆಯಿಲಲ್ಲಿ ನೆನೆದು ಕಪ್ಪಾಗಿ ಮುದ್ದೆಯಾಗಿತ್ತು, ಅದನ್ನು ಉಗುರಲ್ಲಿ ಬಿಡಿಸಿ ನೋಡಿದ್ರೆ ಬೋಲ್ಟಿನ ಥ್ರೆಡ್ ಸಂದಿಯಲ್ಲಿ ತೆಂಗಿನಕಾಯಿ ತುರಿಯ ಹಾಗೆ ಬೆಳ್ಳಗೆ ಅಲ್ಯೂಮಿನಿಯಂ ಸಿಕ್ಕಿಕೊಂಡಿತ್ತು. ಅದು ಕೇಸಿನ ಥ್ರೆಡ್. ಅಂದ್ರೆ ಯಾರೋ ಮೊದಲೇ ಹಾಳು ಮಾಡಿ, ಟೇಪ್ ಸುತ್ತಿ, ಬಾಯಿ ಮುಚ್ಚಿ ಕಳಿಸಿದ್ದಾರೆ. ಹೆದ್ದಾರಿಯಲ್ಲಿ ಆ ಬೋಲ್ಟ್ ಬಿದ್ದು ಹೋಗಿ ಆಯಿಲ್ ಹಿಂದಿನ ಟಯರಿಗೆ ತಾಗಿದ್ರೆ, ಅದೂ ಮಳೆಯಲ್ಲಿ, ಎಂತ ಆಗ್ತಿತ್ತು ಅಂತ ಬರೆಯುವ ಅಗತ್ಯ ಇಲ್ಲ.

ಬೈಕಂಪಾಡಿಯಲ್ಲಿ ನನ್ನ ಜತೆ ಕೆಲಸ ಮಾಡಿದವನ ಲೇತ್ ಈಗಲೂ ಉಂಟು, ಅಲ್ಲಿಗೆ ಕಳಿಸಿದೆ, ನಾನೂ ಹಿಂದೆ ಕೂತು ಹೋದೆ (ಸುಮ್ಮನೆ ಕೂರುವ ಜನ ಅಲ್ಲ ನಾನು). ಅಲ್ಲಿ ಮಾಡಿದ್ದನ್ನು ಸ್ವಲ್ಪ ವಿವರವಾಗಿ ಹೇಳ್ತೇನೆ, ಓದಿದವರು ಮೆಕ್ಯಾನಿಕ್ ಹತ್ರ ಕೇಳುವಾಗ ಉಪಯೋಗಕ್ಕೆ ಬರ್ಬಹುದು. ಎಂಜಿನ್ ಇಳಿಸ್ಲಿಲ್ಲ. ಆಯಿಲ್ ಪೂರ್ತಿ ತೆಗೆದು ಬೈಕನ್ನು ಒಂದು ಬದಿಗೆ ವಾಲಿಸಿ ಕಟ್ಟಿದ್ದು, ಹಾಳಾದ ತೂತನ್ನು 14.5 ಎಂಎಂ ಡ್ರಿಲ್ಲಲ್ಲಿ ದೊಡ್ಡದು ಮಾಡಿದ್ದು, ಅದಕ್ಕೆ 16 ಎಂಎಂ 1.5 ಪಿಚ್ಚಿನ ಟ್ಯಾಪ್ (ತೂತಿನೊಳಗೆ ಥ್ರೆಡ್ ಕೊರೆಯುವ ಸಾಧನ) ಹೊಡೆದದ್ದು. ಇಲ್ಲಿ ಆತುರ ಮಾಡ್ಲಿಕ್ಕಿಲ್ಲ. ಟ್ಯಾಪ್ ನೆಟ್ಟಗೆ ನಿಲ್ಬೇಕು, ಒಂಚೂರು ಓರೆಯಾದ್ರೂ ಬುಶ್ ಓರೆ, ಬುಶ್ ಓರೆಯಾದ್ರೆ ವಾಶರ್ ಒಂದೇ ಬದಿ ಕೂರ್ತದೆ, ಜೀವನ ಪೂರ್ತಿ ಜಿನುಗ್ತದೆ. ಅರ್ಧ ಸುತ್ತು ಮುಂದೆ, ಕಾಲು ಸುತ್ತು ಹಿಂದೆ, ಟ್ಯಾಪಿನ ಸಂದಿಗೆ ಗ್ರೀಸ್ ತುಂಬಿಸಿಕೊಂಡು, ತುರಿ ಒಳಗೆ ಬೀಳದೆ ಗ್ರೀಸಿಗೆ ಅಂಟಿಕೊಂಡು ಬರ್ಲಿ ಅಂತ. ನಾವು ಹಿಂದೆ ಅಲ್ಯೂಮಿನಿಯಂಗೆ ಸೀಮೆಎಣ್ಣೆ ಬಿಟ್ಕೊಂಡು ಟ್ಯಾಪ್ ಹೊಡೀತಿದ್ದೆವು, ಅದರಷ್ಟು ನುಣ್ಣಗೆ ಬೇರೆ ಯಾವುದರಲ್ಲೂ ಬರೋದಿಲ್ಲ, ಈಗ ಸೀಮೆಎಣ್ಣೆ ಸಿಗುವುದೇ ಕಷ್ಟ.

ಆಮೇಲೆ ಬುಶ್. ಸ್ಟೀಲ್ ರಾಡಲ್ಲಿ ಲೇತಲ್ಲೇ ಕಡೆದದ್ದು, ಹೊರಗೆ 16ರ ಥ್ರೆಡ್, ಒಳಗೆ ಮೊದಲಿನ 12ರ ಥ್ರೆಡ್, ಅಂದ್ರೆ ಕಂಪೆನಿಯ ಅದೇ ಬೋಲ್ಟ್ ಹೊಸದು ತಂದ್ರೆ ಅದೇ ಕೂರ್ತದೆ. ನಡುವಿನ ಗೋಡೆ 1 ಮಿಲಿಮೀಟರಿಗಿಂತ ಒಂಚೂರು ಹೆಚ್ಚು ಉಳೀತದೆ, ಹಾಗಾಗಿ ಒಳಗೂ ಹೊರಗೂ ಒಂದೇ ಸೆಂಟರ್ ಇರ್ಬೇಕು, ಚಕ್ಕಿಂದ (ಲೇತಲ್ಲಿ ತುಂಡನ್ನು ಹಿಡಿಯುವ ಭಾಗ) ಬಿಚ್ಚದೆ ಒಂದೇ ಸೆಟ್ಟಿಂಗಲ್ಲಿ ಎರಡೂ ಕೆಲಸ ಮುಗಿಸ್ಬೇಕು. ತಲೆಗೆ ಒಂದು ಸಣ್ಣ ಕಾಲರ್ ಬಿಟ್ಟದ್ದು, ಅದು ಕೇಸಿಗೆ ಒತ್ತಿ ನಿಲ್ತದೆ, ಬುಶ್ ಒಳಗೆ ಜಾರಿ ಹೋಗ್ಲಿಕ್ಕಿಲ್ಲ. ಎರಡೂ ಕಡೆ ಥಿನ್ನರಲ್ಲಿ ಒರೆಸಿ ಎಣ್ಣೆ ಪಸೆ ತೆಗೆದು, ಕೆಂಪು ಲಾಕ್‌ಟೈಟ್ (ಥ್ರೆಡ್ ಬಿಚ್ಚದ ಹಾಗೆ ಹಿಡಿಯುವ ಅಂಟು) ಹಾಕಿ ಕೂರಿಸಿ ಒಂದು ರಾತ್ರಿ ಬಿಟ್ಟದ್ದು. ಮರುದಿನ ಸ್ವಲ್ಪ ಹಳೇ ಆಯಿಲ್ ಮೇಲಿಂದ ಹೊಯ್ದು ಅಡಿಯಿಂದ ಬಿಟ್ಟು ತೊಳೆದು, ಉಳಿದ ತುರಿ ಹೋಗ್ಲಿ ಅಂತ, ಆಮೇಲೆ ಹೊಸ ಬೋಲ್ಟ್, ಹೊಸ ವಾಶರ್, ಹೊಸ ಆಯಿಲ್. ಖರ್ಚು ಕೆಲವು ನೂರು ರೂಪಾಯಿ, ಆಯಿಲಿಂದು ಬೇರೆ. ಈಗ ಆ ಜಾಗದಲ್ಲಿ ಸ್ಟೀಲಿಗೆ ಸ್ಟೀಲ್ ಜತೆ, ಅಲ್ಯೂಮಿನಿಯಂ ಹಿಡಿದಿರುವ ಥ್ರೆಡ್ಡು ಮೊದಲಿಗಿಂತ ಅಗಲ, ಅದನ್ನು ಪ್ರತಿ ಸರ್ವಿಸಿಗೂ ಬಿಚ್ಚುವ ಪ್ರಶ್ನೆಯೇ ಇಲ್ಲ. ಹೊಸ ಕೇಸಿಗಿಂತ ಗಟ್ಟಿ. ಇದು ಬಡವರ ಜುಗಾಡ್ ಅಂತ ಮೂಗು ಮುರಿಯುವವರಿಗೆ ಒಂದು ಮಾತು, ವಿಮಾನದ ಅಲ್ಯೂಮಿನಿಯಂ ಭಾಗಗಳಿಗೆ ಸ್ಟೀಲ್ ಥ್ರೆಡ್ ಇನ್ಸರ್ಟನ್ನು ಹೊಸದರಲ್ಲೇ ಹಾಕಿ ಕಳಿಸ್ತಾರೆ, ಹಾಳಾದ ಮೇಲೆ ಅಲ್ಲ.

ಹಿತ್ತಾಳೆ ಬುಶ್ ಹಾಕುವವರೂ ಉಂಟು. ಚೇತಕ್ ಸ್ಕೂಟರಿನ ಕಾಲದಲ್ಲಿ ಸ್ಪಾರ್ಕ್ ಪ್ಲಗ್ಗಿನ ತೂತಿಗೆ ನಾವೇ ಹಿತ್ತಾಳೆ ಹಾಕ್ತಿದ್ದೆವು, ಅದಕ್ಕೆ ಕಾರಣವೂ ಇತ್ತು. ಒಂದು ಮೀಟರ್ ಉದ್ದದ ತುಂಡನ್ನು 100 ಡಿಗ್ರಿ ಬಿಸಿ ಮಾಡಿದ್ರೆ ಅಲ್ಯೂಮಿನಿಯಂ 2.3 ಮಿಲಿಮೀಟರ್ ಉದ್ದ ಆಗ್ತದೆ, ಹಿತ್ತಾಳೆ 1.9, ಸ್ಟೀಲ್ ಬರೀ 1.2, ಹಾಗಾಗಿ ಬಿಸಿಯಲ್ಲಿ ಹಿತ್ತಾಳೆ ಅಲ್ಯೂಮಿನಿಯಂ ಜತೆ ಹೆಚ್ಚು ಹೊಂದಿಕೊಂಡು ಹೋಗ್ತದೆ, ಕಡೆಯಲಿಕ್ಕೂ ಸುಲಭ. ಆದ್ರೆ ನಮ್ಮದು ಕಡಲ ಬದಿ. ಎಂಜಿನಿನ ಅಡಿಗೆ ರಸ್ತೆ ನೀರು ಎರಚ್ತಾ ಇರ್ತದೆ, ಗಾಳಿಯಲ್ಲಿ ಉಪ್ಪು, ಹಿತ್ತಾಳೆ ಮತ್ತು ಅಲ್ಯೂಮಿನಿಯಂ ನಡುವೆ ಉಪ್ಪುನೀರು ನಿಂತ್ರೆ ಅಲ್ಯೂಮಿನಿಯಂ ಸುತ್ತ ಬಿಳಿ ಪುಡಿಯಾಗಿ ಸವೀತಾ ಬರ್ತದೆ. ಡ್ರೈನಿಗೆ ಸ್ಟೀಲೇ ಹಾಕಿ ಅಂತ ನನ್ನ ಅಭಿಪ್ರಾಯ, ಬೇರೆ ಟರ್ನರುಗಳು ಬೇರೆ ಹೇಳಿಯಾರು.

ಉಪ್ಪಿನ ಮಾತು ಬಂತಲ್ಲ, ಮಲ್ಪೆ ಬಂದರಿನ ಕಡೆ, ಉಳ್ಳಾಲದ ಕಡೆ ಮೀನು ಹೇರ್ಕೊಂಡು ಹೋಗುವ ಬೈಕುಗಳ ಸೈಲೆನ್ಸರ್ ಸ್ಟಡ್ (ಸೈಲೆನ್ಸರನ್ನು ಎಂಜಿನಿಗೆ ಹಿಡಿಸುವ ತಲೆಯಿಲ್ಲದ ಬೋಲ್ಟ್) ಒಮ್ಮೆ ನೋಡ್ಬೇಕು ನೀವು. ಮೀನಿನ ನೀರು, ಮಂಜುಗಡ್ಡೆ ನೀರು, ಜೂನಿಂದ ಸೆಪ್ಟೆಂಬರ್ ತನಕ ಮಳೆ ನೀರು. ಸ್ಟಡ್ ತುಕ್ಕು ಹಿಡಿದು ಎಂಜಿನಿನ ಮೇಲ್ಭಾಗದ ಹೆಡ್ಡಿಗೆ ಒಂದಾಗಿ ಹೋಗಿರ್ತದೆ, ನಟ್ ಬಿಚ್ಚಲಿಕ್ಕೆ ಹೋದ್ರೆ ಒಂದೋ ಸ್ಟಡ್ ತುಂಡು, ಇಲ್ಲ ಅಲ್ಯೂಮಿನಿಯಂ ಥ್ರೆಡ್ ಸಮೇತ ಹೊರಗೆ. ಅಲ್ಲಿಗೆ ನಾನು ಬುಶ್ ಹೇಳುವುದಿಲ್ಲ, ಜಾಗ ಸಣ್ಣದು, ಹೆಲಿಕಾಯಿಲ್ ಸಾಕು. ಅದು ಸ್ಟೇನ್‌ಲೆಸ್ ತಂತಿಯ ಸ್ಪ್ರಿಂಗ್, ಅಗಲ ಮಾಡಿದ ತೂತಿಗೆ ಅದರದ್ದೇ ಟ್ಯಾಪ್ ಹೊಡೆದು ತಿರುಗಿಸಿ ಕೂರಿಸುವುದು, ಮೇಲ್ಮೈಯಿಂದ ಕಾಲೋ ಅರ್ಧವೋ ಸುತ್ತು ಕೆಳಗೆ ನಿಲ್ಬೇಕು. 6 ಎಂಎಂ, 8 ಎಂಎಂ ಬೋಲ್ಟುಗಳಿಗೆ, ಕ್ಲಚ್ ಕವರ್, ಮ್ಯಾಗ್ನೆಟ್ ಕವರ್ ಅಂಥದ್ದಕ್ಕೆಲ್ಲ ಇದೇ ಸರಿ. ಒಂದೇ ಎಚ್ಚರಿಕೆ, ಸ್ಪ್ರಿಂಗಿನ ಅಡಿಯಲ್ಲಿ ಒಂದು ಸಣ್ಣ ಬಾಲ ಇರ್ತದೆ, ಕೂರಿಸಿದ ಮೇಲೆ ಅದನ್ನು ಮುರಿದು ತೆಗೀಬೇಕು, ಮುರಿದದ್ದು ಎಲ್ಲಿಗೆ ಬಿತ್ತು ಅಂತ ಕಣ್ಣಲ್ಲಿ ನೋಡ್ಬೇಕು.

ಅದೇ ಕಾರಣಕ್ಕೆ ಸ್ಪಾರ್ಕ್ ಪ್ಲಗ್ಗಿನ ತೂತಿಗೆ ಹೆಲಿಕಾಯಿಲ್ ಅಂದ್ರೆ ನನಗೆ ಅಷ್ಟು ಧೈರ್ಯ ಇಲ್ಲ. ಬಾಲ ಸಿಲಿಂಡರ್ ಒಳಗೆ ಬಿದ್ರೆ ಮುಗೀತು. ಮತ್ತೆ ಕೆಲವು ಸಲ ಪ್ಲಗ್ ಬಿಚ್ಚುವಾಗ ಕಾರ್ಬನ್ ಕಚ್ಚಿ ಸ್ಪ್ರಿಂಗೂ ಪ್ಲಗ್ಗಿನ ಜತೆಗೇ ಬಂದುಬಿಡ್ತದೆ. ಅಲ್ಲಿಗೆ ಕಾಲರ್ ಇರುವ ಗಟ್ಟಿ ಬುಶ್ಶೇ ಆಗ್ಬೇಕು, ಹೆಡ್ ಇಳಿಸಿ ಮೇಜಿನ ಮೇಲಿಟ್ಟು ಮಾಡ್ಬೇಕು. ಬುಶ್ ಒಳಗೆ ಚಾಚಿಕೊಂಡ್ರೆ ಆ ಅಂಚು ಕೆಂಪಗೆ ಕಾದು ಪೆಟ್ರೋಲನ್ನು ಹೊತ್ತಿಗೆ ಮೊದಲೇ ಹೊತ್ತಿಸ್ತದೆ, ತೀರಾ ಗಿಡ್ಡ ಆದ್ರೆ ಪ್ಲಗ್ಗಿನ ಥ್ರೆಡ್ ಒಳಗೆ ಬೋಳಾಗಿ ನಿಂತು ಕಾರ್ಬನ್ ಹಿಡೀತದೆ, ಮುಂದಿನ ಸಲ ಬಿಚ್ಚುವಾಗ ಬುಶ್ಶಿನ ಥ್ರೆಡ್ಡಿಗೇ ಕುತ್ತು. ಸರಿಯಾಗಿ ಹೆಡ್ಡಿನ ಒಳಮೈಗೆ ಸಮ. ಸಣ್ಣ ಬೈಕುಗಳಲ್ಲಿ ಪ್ಲಗ್ಗೇ 10 ಎಂಎಂ, ಪಕ್ಕದಲ್ಲೇ ವಾಲ್ವ್ ಸೀಟ್, ಸುತ್ತ ಲೋಹ ಕಡಿಮೆ, ಅಲ್ಲಿ ಬಿರುಕು ಉಂಟಾ ಅಂತ ಮೊದಲು ನೋಡ್ಬೇಕು, ಬಿರುಕು ಇದ್ರೆ ಯಾವ ಬುಶ್ಶೂ ಬೇಡ, ಹೆಡ್ ಹೊಸದೇ ಹಾಕಿ. ಹೌದು, ಬದಲಿಸಲೇಬೇಕಾದ ಸಂದರ್ಭವೂ ಉಂಟು, ಇಲ್ಲ ಅಂತ ನಾನು ಹೇಳುವುದಿಲ್ಲ.

ಪ್ಲಗ್ಗಿನ ಥ್ರೆಡ್ ಹೋಗದ ಹಾಗೆ ನೋಡ್ಕೊಳ್ಳುವುದು ದೊಡ್ಡ ವಿದ್ಯೆ ಅಲ್ಲ. ಎಂಜಿನ್ ತಣ್ಣಗಾದ ಮೇಲೆ ಬಿಚ್ಚಿ, ಹಾಕುವಾಗ ಕೈಯಲ್ಲೇ ಕೊನೆ ತನಕ ತಿರುಗಿಸಿ, ಹೊಸ ಪ್ಲಗ್ಗಾದ್ರೆ ಆಮೇಲೆ ಅರ್ಧ ಸುತ್ತು ಸ್ಪಾನರ್, ಹಳೇದಾದ್ರೆ ಒಂದು ಸುತ್ತಿನ ಹನ್ನೆರಡನೇ ಒಂದು ಭಾಗ ಸಾಕು. 10ರ ಪ್ಲಗ್ಗಿಗೆ 10–12 ನ್ಯೂಟನ್ ಮೀಟರ್ ಅಂದ್ರೆ ಡ್ರೈನ್ ಬೋಲ್ಟಿನ ಅರ್ಧವೂ ಇಲ್ಲ.

ಈಗ ಕೇಸ್ ಬದಲಿಸುವವರು ಗಿರಾಕಿಗೆ ಹೇಳದ ಇನ್ನೊಂದು ವಿಷಯ. ಎಂಜಿನ್ ನಂಬರ್ ಗುದ್ದಿರುವುದು ಕ್ರ್ಯಾಂಕ್‌ಕೇಸಿನ ಮೇಲೆ. ಆ ಭಾಗ ತೆಗೆದು ಹೊಸದು ಹಾಕಿದ್ರೆ ಆರ್‌ಸಿಯಲ್ಲಿರುವ ನಂಬರ್ ನಿಮ್ಮ ಎಂಜಿನ್ ಮೇಲೆ ಇರುವುದಿಲ್ಲ. ಕೆಎ 19 ಆಗ್ಲಿ ಕೆಎ 20 ಆಗ್ಲಿ, ಆರ್‌ಟಿಒ ಕಚೇರಿಗೆ ಹೋಗಿ ಆರ್‌ಸಿ ಸರಿ ಮಾಡಿಸ್ಬೇಕು, 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಇರುವುದೇ ವಾಹನದಲ್ಲಿ ಇಂಥ ಬದಲಾವಣೆ ಮಾಡುವ ಬಗ್ಗೆ. ಇನ್ಶೂರೆನ್ಸಿನವರಿಗೂ ತಿಳಿಸ್ಬೇಕು. ಇದನ್ನೆಲ್ಲ ಮಾಡದೆ ಬಿಟ್ರೆ ಮುಂದೆ ಗಾಡಿ ಮಾರುವಾಗಲೋ, ದೇವರು ದೂರ ಇಡ್ಲಿ, ಆಕ್ಸಿಡೆಂಟ್ ಕ್ಲೇಮ್ ಮಾಡುವಾಗಲೋ ತಲೆಬಿಸಿ. ಒಂದು ಬೋಲ್ಟಿನ ತೂತಿಗೋಸ್ಕರ ಇಷ್ಟೆಲ್ಲ ಬೇಕಾ?

ಸರ್ವಿಸ್ ಸೆಂಟರಿನವರನ್ನೂ ಪೂರ್ತಿ ಬಯ್ಯಲಿಕ್ಕೆ ಆಗೋದಿಲ್ಲ, ಅವರಿಗೆ ಪಾರ್ಟ್ ಬದಲಿಸುವುದು ಸುಲಭ, ಬಿಲ್ಲಿಗೂ ಸುಲಭ, ಕಂಪೆನಿ ಕೇಳಿದ್ರೆ ಉತ್ತರ ಕೊಡ್ಲಿಕ್ಕೂ ಸುಲಭ, ಮೇಲಿಂದ ದಿನಕ್ಕೆ ಇಷ್ಟು ಗಾಡಿ ಮುಗಿಸ್ಬೇಕು ಅಂತ ಒತ್ತಡ. ಅಲ್ಲಿ ಕೆಲಸ ಮಾಡುವ ಹುಡುಗರು ಎಷ್ಟೋ ಜನ ಐಟಿಐ ಮುಗಿಸಿ ಬಂದವರು, ಕೆಲಸ ಗೊತ್ತಿಲ್ಲ ಅಂತಲ್ಲ, ಬುಶ್ ಕಡೆದು ಕೂರಿಸುವುದನ್ನು ಕಣ್ಣಾರೆ ನೋಡಿರುವುದಿಲ್ಲ ಅಷ್ಟೇ. ನಮ್ಮಲ್ಲಿ ಕದ್ರಿ ಗುಡ್ಡೆಯಲ್ಲೇ ಐಟಿಐ ಉಂಟು, ಕೆಪಿಟಿ (ಕರ್ನಾಟಕ ಪಾಲಿಟೆಕ್ನಿಕ್) ಉಂಟು, ಲೇತೂ ಉಂಟು, ಹಾಳಾದ ಕೇಸ್ ಬೇಕಾದ್ರೆ ಯಾವ ಗುಜರಿಯಲ್ಲೂ ಸಿಗ್ತದೆ. ಮೆಕ್ಯಾನಿಕ್ ಕಲಿಯುವ ಹುಡುಗನೂ ಟರ್ನರ್ ಕಲಿಯುವ ಹುಡುಗನೂ ಒಟ್ಟಿಗೆ ನಿಂತು ಒಂದು ಡ್ರೈನ್ ತೂತಿಗೆ ಬುಶ್ ಹಾಕಿದ್ರೆ ಇಬ್ಬರಿಗೂ ಒಂದು ವಾರದ ಪಾಠ ಒಂದು ಬೆಳಿಗ್ಗೆಯಲ್ಲಿ ಆಗ್ತದೆ, ಇದನ್ನು ಅಲ್ಲಿನ ಮೇಷ್ಟ್ರುಗಳು ಓದಿದ್ರೆ ಯೋಚನೆ ಮಾಡ್ಲಿ.

ಸರ್ವಿಸ್ ಸೆಂಟರಿನವರಿಂದ ನಾನು ಕೇಳುವುದು ಇಷ್ಟು. ಥ್ರೆಡ್ ಹೋಗಿದ್ರೆ ಬೋಲ್ಟನ್ನು ಗಿರಾಕಿಯ ಕೈಗೆ ಕೊಟ್ಟು ತೋರಿಸಿ, ಎಸ್ಟಿಮೇಟಲ್ಲಿ ಕೇಸ್ ಬದಲಿಸುವುದರ ಜತೆ ಬುಶ್ ಹಾಕಿಸುವುದಕ್ಕೆ ಎಷ್ಟು ಅಂತಲೂ ಬರೀರಿ, ನಿಮ್ಮಲ್ಲಿ ಆಗದಿದ್ರೆ ಹೊರಗಿನ ಲೇತಿಗೆ ಕಳಿಸ್ತೇವೆ ಅಂತ ಹೇಳಿ, ಅದಕ್ಕೆ ನಿಮ್ಮ ಕಮಿಷನ್ ಇಟ್ಕೊಳ್ಳಿ ಬೇಕಾದ್ರೆ, ಯಾರೂ ಬೇಡ ಅನ್ನುವುದಿಲ್ಲ. ಟೇಪ್ ಸುತ್ತಿ, ಎಂ-ಸೀಲ್ ಮೆತ್ತಿ, ಒಂದು ಸೈಜ್ ದೊಡ್ಡ ಬೋಲ್ಟನ್ನು ಗುದ್ದಿ ಕೂರಿಸಿ ಕಳಿಸ್ಬೇಡಿ. ಆ ದೊಡ್ಡ ಬೋಲ್ಟ್ ಕೇಸನ್ನೇ ಸೀಳಿಬಿಟ್ರೆ ಆಮೇಲೆ ಬುಶ್ ಹಾಕ್ಲಿಕ್ಕೂ ಜಾಗ ಉಳಿಯೋದಿಲ್ಲ. ವೆಲ್ಡಿಂಗ್ ಮಾಡಿಸ್ತೇನೆ ಅನ್ನುವವರಿಗೂ ಹೇಳ್ತೇನೆ, ವರ್ಷಗಟ್ಟಲೆ ಆಯಿಲ್ ಕುಡಿದ ಎರಕದ ಅಲ್ಯೂಮಿನಿಯಂ ವೆಲ್ಡಿಂಗಿಗೆ ಒಗ್ಗೋದಿಲ್ಲ, ತೂತು ತೂತಾಗಿ ಉಬ್ತದೆ, ಬಿಸಿಗೆ ಜೋಡಿಸುವ ಮೈ ಬೇರೆ ಸೊಟ್ಟ ಆಗ್ತದೆ.

ಗಾಡಿ ಇರುವವರಿಗೆ, ವಾರಂಟಿ ಇರುವ ಹೊಸ ಬೈಕಾದ್ರೆ ಹೊರಗೆ ಲೇತಿಗೆ ತಗೊಂಡು ಹೋಗುವ ಮೊದಲು ಡೀಲರ್ ಹತ್ರ ಬರವಣಿಗೆಯಲ್ಲಿ ಕೇಳಿ, ಅವರ ಕೈಯಲ್ಲೇ ಹಾಳಾದದ್ದಾದ್ರೆ ಅವರೇ ಸರಿ ಮಾಡಿ ಕೊಡ್ಬೇಕು, ಅದಕ್ಕೆ ನೀವು ಯಾಕೆ ಹಣ ಕೊಡುವುದು. ಆಯಿಲ್ ಬದಲಿಸುವಾಗ ಅಲ್ಲೇ ನಿಂತ್ಕೊಳ್ಳಿ. ಬೋಲ್ಟನ್ನು ಮೊದಲು ಬೆರಳಲ್ಲಿ ತಿರುಗಿಸ್ತಾರಾ, ಇಲ್ಲ ನೇರ ಗನ್ ಹಿಡೀತಾರಾ ನೋಡಿ, ವಾಶರ್ ಹೊಸದು ಹಾಕ್ತಾರಾ ಕೇಳಿ, ಟಾರ್ಕ್ ರೆಂಚ್ (ಬಿಗಿ ಅಳೆಯುವ ಸ್ಪಾನರ್) ಉಂಟಾ ಅಂತಲೂ ಕೇಳಿ, ಕೇಳಿದ್ರೆ ಸಿಟ್ಟು ಬರುವವರ ಹತ್ರ ಬೈಕ್ ಬಿಡ್ಲೇಬೇಡಿ. ಬುಶ್ ಹಾಕಿಸಿದ ಮೇಲೆ ಮೊದಲ ಕೆಲವು ದಿನ ಬೆಳಿಗ್ಗೆ ಗಾಡಿ ತೆಗೆಯುವ ಮೊದಲು ಅಡಿಗೆ ಒಂದು ಹಳೇ ಪೇಪರ್ ಹಾಸಿಟ್ಟದ್ದನ್ನು ನೋಡಿ, ಹನಿ ಇದ್ರೆ ಲೇತಿನವನ ಹತ್ರ ವಾಪಸ್ ಹೋಗಿ, ಇಲ್ಲದಿದ್ರೆ ಮುಂದಿನ ಸರ್ವಿಸ್ ತನಕ ಅದನ್ನು ಮರೆತುಬಿಡಿ. ಮುಂದಿನ ಸಲ ನಿಮ್ಮ ಪೇಪರಲ್ಲಿ ಬೈಕ್ ಬಗ್ಗೆ ಬರೆಯುವಾಗ ಈ ಡ್ರೈನ್ ಬೋಲ್ಟಿಗೂ ನಾಲ್ಕು ಸಾಲು ಜಾಗ ಕೊಟ್ರೆ ಉಪಕಾರ.

ಇತಿ,
ಒಬ್ಬ ಹಳೇ ಟರ್ನರ್, ಮಂಗಳೂರು